ವಾಷರ್ ಹೋಗಿದೆ

ಲಿಫ್ಟು ಮೇಲೇರುವಾಗ ಅವನು ಪ್ಯಾಂಟಿನ ಎಡಜೇಬಿಗೆ ಕೈ ಹಾಕಿ ವಾಷರ್ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಇತ್ತು. ಇರದೆ ಎಲ್ಲಿಗೆ ಹೋಗುತ್ತದೆ? ಹನ್ನೊಂದು ವರ್ಷದಿಂದ ಅದರ ಸಂಚಾರವೆಲ್ಲ ಜೇಬಿನಿಂದ ಅಂಗೈಗೆ, ಅಂಗೈಯಿಂದ ಜೇಬಿಗೆ. ಆದರೂ ನಾಲ್ಕನೆಯ ಮಹಡಿ ದಾಟುವಾಗ ಮತ್ತೊಮ್ಮೆ ಮುಟ್ಟಿದ, ಯಾಕೆಂದರೆ ಈ ಭಾನುವಾರ ಹೋಗುತ್ತಿದ್ದದ್ದು ಭಾವನ ಮನೆಗೆ. ಭಾವ ಎಂದರೆ ಹೆಂಡತಿಯ ಅಕ್ಕನ ಗಂಡ. ಒಂದೇ ಅತ್ತೆಗೆ ಇಬ್ಬರು ಅಳಿಯಂದಿರು, ಷಡ್ಡಕರು, ಸಮಸಮ ಎಂದು ಜನ ಹೇಳುವುದುಂಟು. ಹಾಗೆ ಹೇಳುವವರು ಈ ಇಬ್ಬರನ್ನು ಒಂದೇ ಸೋಫಾದ ಮೇಲೆ ಕೂರಿಸಿ ನೋಡಿಲ್ಲ. ಭಾವ ಸೇತುವೆಗಳ ಎಂಜಿನಿಯರು. ಕಟ್ಟುವವನಲ್ಲ, ಕಟ್ಟಿದ ಸೇತುವೆಯ ಕೆಳಗೆ ನಿಂತು ಬಿರುಕು ಹುಡುಕುವವನು, ಕೂದಲೆಳೆಯಷ್ಟು ಸೀಳು ಕಂಡರೂ ವರದಿ ಬರೆದು ಲಾರಿಗಳನ್ನು ನಿಲ್ಲಿಸಬಲ್ಲವನು. ಇವನು ಮನೆಮನೆಗೆ ಹೋಗಿ ಕಾಫಿ ಯಂತ್ರ ರಿಪೇರಿ ಮಾಡುವವನು. ಇಪ್ಪತ್ತು ವರ್ಷದ ಹಿಂದೆ, ಇವನಿಗೆ ಮದುವೆಯಾದ ಹೊಸತರಲ್ಲಿ, ಭಾವ ತನ್ನ ಆಫೀಸಿನವರ ಊಟದ ಕೂಟದಲ್ಲಿ ಇವನ ಹೆಗಲ ಮೇಲೆ ಕೈಹಾಕಿ, ಇವರು ನಮ್ಮ ಕುಟುಂಬದ ಡಾಕ್ಟರು ಎಂದು ಪರಿಚಯಿಸಿ, ಎದುರಿಗಿದ್ದ ಹೆಂಗಸು ಯಾವುದರಲ್ಲಿ ಸ್ಪೆಷಲಿಸ್ಟು ಎಂದು ಗೌರವದಿಂದ ಕೇಳುವವರೆಗೆ ಕಾದು, "ಕಾಫಿ ಮೆಷಿನಲ್ಲಿ" ಎಂದಿದ್ದ. ಎಲ್ಲರೂ ನಕ್ಕರು. ಇವನೂ ನಕ್ಕ, ಅದೇ ತಪ್ಪಾಯಿತು. ಅಂದಿನಿಂದ ಇಡೀ ಬಳಗಕ್ಕೆ ಇವನು ಡಾಕ್ಟರ್. ಎದುರಿಗೆ ಭಾವನನ್ನು ನೀವು, ತಾವು ಎನ್ನುತ್ತಾನೆ. ಮನಸ್ಸಿನಲ್ಲಿ ಮಾತ್ರ ಏಕವಚನ. ಈ ದಿನ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, ಅಕ್ಕನ ಮನೆಯಲ್ಲಿ ಮಾತಿಗೆ ಮಾತು ಬೆಳೆಸದೆ ಕೆಲಸ ಮುಗಿಸಿಕೊಂಡು ಬನ್ನಿ ಎಂದಿದ್ದಳು. ತಾನು ಯಾವತ್ತು ಬೆಳೆಸಿದ್ದೇನೆ ಎಂದು ಇವನು ಕೇಳಿದ. "ಬಾಯಲ್ಲಿ ಬೆಳೆಸಲ್ಲ ನೀವು, ಹೊಟ್ಟೆಯೊಳಗೆ ಬೆಳೆಸ್ತೀರಿ" ಎಂದಳು.

ಕೆಟ್ಟುಹೋಯಿತು ಎಂದು ಜನ ಕರೆಯುವ ನೂರು ಯಂತ್ರಗಳಲ್ಲಿ ಎಂಬತ್ತು ಕೆಟ್ಟಿರುವುದೇ ಇಲ್ಲ. ಇದು ಅವನ ಕಸುಬಿನ ದೊಡ್ಡ ಗುಟ್ಟು, ಗುಟ್ಟು ಬಿಟ್ಟುಕೊಟ್ಟರೆ ಕಸುಬೇ ಇಲ್ಲ. ಕೆಳಗಿನ ಟ್ರೇಯನ್ನು ಪೂರ್ತಿ ಒಳಗೆ ತಳ್ಳಿರುವುದಿಲ್ಲ. ನೀರಿನ ಟ್ಯಾಂಕು ಒಂದು ಬೆರಳಿನಷ್ಟು ಓರೆಯಾಗಿ ಕೂತು, ಯಂತ್ರ ನೀರಿಲ್ಲ ನೀರಿಲ್ಲ ಎಂದು ಕೆಂಪು ದೀಪ ಮಿನುಗಿಸುತ್ತಿರುತ್ತದೆ. ಒಳಗಿನ ಭಾಗವನ್ನು ತಿಂಗಳಿಗೊಮ್ಮೆ ತೊಳೆಯಿರಿ ಎಂದು ಪುಸ್ತಕದಲ್ಲಿ ಬರೆದಿದ್ದರೂ ಎರಡು ವರ್ಷದಿಂದ ಯಾರೂ ಆ ಬಾಗಿಲನ್ನು ತೆರೆದಿರುವುದಿಲ್ಲ. ಅಲ್ಲಿ ಕಾಫಿ ಚರಟ ಕೂಡಿಕೊಂಡು ಬೂಷ್ಟು ಹಿಡಿದಿರುತ್ತದೆ. ಎಲ್ಲ ಕಡೆಯೂ ಬೆರಳ ತುದಿಯ ಕೆಲಸ. ಆದರೆ ಬೆರಳಲ್ಲಿ ಒತ್ತಿ, ನೋಡಿ ಸರಿಹೋಯಿತು ಎಂದರೆ ಆ ಮನೆಯವರ ಮುಖ ಏನಾಗುತ್ತದೆ ಎಂಬುದನ್ನು ಅವನು ಎಷ್ಟೋ ಸಲ ಕಂಡಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಮನೆಯಲ್ಲಿ ಗಂಡ ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ಹೆಂಡತಿ ಸಿಂಕಿನ ಕಡೆ ತಿರುಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಯಂತ್ರದ ಕಾಫಿ ಬೀಜ ತುಂಬುವ ಬಟ್ಟಲಿಗೆ ಅವಳು ಪುಡಿ ತುಂಬಿದ್ದಳು. ಏನು ಮಾಡಿಟ್ಟಿದ್ದಾಳೆ ಅಂತ ನೀವೇ ಬಾಯಿಬಿಟ್ಟು ಹೇಳಿ ಎಂದ ಗಂಡ. ಹೇಳಬೇಕೆಂದೇ ಇವನು ಬಾಯಿ ತೆರೆದ. ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ತಾನೇ ಸಾಮಾನಿನ ಪೆಟ್ಟಿಗೆಯಿಂದ ಒಂದು ಹಳೆಯ ರಬ್ಬರ್ ವಾಷರನ್ನು ಎತ್ತಿ ಬೆಳಕಿಗೆ ಹಿಡಿಯಿತು. ಉಂಗುರದಷ್ಟು ದೊಡ್ಡದು, ಕಪ್ಪು, ಒಂದು ಕಡೆ ಕಚ್ಚು ಬಿದ್ದದ್ದು. "ವಾಷರ್ ಹೋಗಿದೆ" ಎಂದ. ಲೋಟ ತೊಳೆಯುವ ಸದ್ದು ನಿಂತಿತು. ಗಂಡ ಕೈ ಬಿಚ್ಚಿದ, ಈಗಿನ ಕಾಲದ ಮಾಲೇ ಇಷ್ಟು ಎಂದ, ಆಮೇಲೆ ಹೆಂಡತಿಯನ್ನು ಏನೋ ಕೇಳಿದ, ಅವಳು ಏನೋ ಹೇಳಿದಳು, ಸಂಸಾರ ಮುಂದೆ ಹೋಯಿತು. ಅಂದಿನಿಂದ ಇವನ ಪದ್ಧತಿ ಗಟ್ಟಿಯಾಯಿತು. ಬಟ್ಟೆ ಹಾಸುವುದು, ನಾಲ್ಕು ಸ್ಕ್ರೂ ಬಿಚ್ಚುವುದು, ಮುಖ ಗಂಟುಹಾಕಿಕೊಂಡು ಒಳಗೆ ಟಾರ್ಚು ಬಿಡುವುದು, ಅರ್ಧ ಗಂಟೆಯ ಮೇಲೆ ಅದೇ ವಾಷರನ್ನು ತೋರಿಸುವುದು. ಇದು ದಯೆಯೋ ಮೋಸವೋ ಎಂದು ಕೆಲವು ರಾತ್ರಿ ಯೋಚಿಸಿದ್ದ, ತೀರ್ಮಾನಕ್ಕೆ ಮೊದಲೇ ನಿದ್ದೆ ಬಂದಿತ್ತು. ಬಟ್ಟೆ ಒಗೆಯುವಾಗ ಹೆಂಡತಿ ಅದನ್ನು ಜೇಬಿನಿಂದ ತೆಗೆದು ಕಿಟಕಿಯ ಮೇಲಿಡುತ್ತಿದ್ದಳು. ಏನಿದು ಎಂದು ಒಮ್ಮೆಯೂ ಕೇಳಿರಲಿಲ್ಲ.

ಹನ್ನೊಂದು ವರ್ಷದಲ್ಲಿ ಆ ವಾಷರನ್ನು ಕೈಯಲ್ಲಿ ಹಿಡಿದು ನೋಡಿದವನು ಒಬ್ಬನೇ, ಭಾವ. ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಟ್ರೇ ಸರಿಯಾಗಿ ಕೂತಿರಲಿಲ್ಲ, ಅಷ್ಟೆ. ಇವನು ಎಂದಿನಂತೆ ನಲವತ್ತು ನಿಮಿಷ ಒದ್ದಾಡಿ ವಾಷರ್ ತೋರಿಸಿದ. ಭಾವ ಅದನ್ನು ಇವನ ಅಂಗೈಯಿಂದ ಎತ್ತಿ, ಎರಡು ಬೆರಳ ನಡುವೆ ತಿರುಗಿಸಿ, ಕಣ್ಣಿನ ಹತ್ತಿರ ತಂದು ನೋಡಿ, ತುಟಿಯ ಒಂದು ಕೊನೆಯಲ್ಲಿ ನಕ್ಕು, ವಾಪಸು ಕೊಟ್ಟಿದ್ದ. ಆ ಅರ್ಧ ನಗು ಮೂರು ವರ್ಷದಿಂದ ಇವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇಷ್ಟೇ ಏನು ನಿನ್ನ ವಿದ್ಯೆ, ಒಂದು ರಬ್ಬರು ಬದಲಾಯಿಸುವುದಕ್ಕೆ ನಲವತ್ತು ನಿಮಿಷವೇ ಎಂದು ಆ ನಗು ಹೇಳಿತು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ಕಾಯುವಾಗ, ಅದಕ್ಕೆ ತಕ್ಕ ಉತ್ತರಗಳನ್ನು ಜೋಡಿಸುತ್ತಿದ್ದ. ಒಂದೇ ಒಂದು ಸಲ ಈ ಮನುಷ್ಯ ಎಲ್ಲರೆದುರು ಬೆಪ್ಪಾಗಿ ನಿಲ್ಲಬೇಕು, ಅದನ್ನು ನಾನು ನೋಡಬೇಕು, ಸಾಕು, ಮತ್ತೇನೂ ಬೇಡ ಎಂದುಕೊಳ್ಳುತ್ತಿದ್ದ.

ಬಾಗಿಲು ತೆರೆದ ಅತ್ತಿಗೆ ಧ್ವನಿ ತಗ್ಗಿಸಿ, ಅಮ್ಮ ನಿನ್ನೆಯಿಂದ ಅಡಿಗೆಮನೆಗೇ ಬಂದಿಲ್ಲ ಎಂದಳು. ಹಿರಿಯ ಮಗಳ ಮನೆಯಲ್ಲೇ ಇರುವ ಅತ್ತೆ ಹಾಲಿನ ಮೂಲೆಯ ಕುರ್ಚಿಯಲ್ಲಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದರು. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವ ಜೀವ ಅದು. ಇವನನ್ನು ಕಂಡು ಏಳಲು ಹೋದರು. "ನಾನೇ ಕೆಡಿಸಿಬಿಟ್ಟೆ ಕಣಪ್ಪಾ. ದಿನಾ ಒತ್ತೋ ಬಟನ್ನೇ ಒತ್ತಿದ್ದು. ಗರ್ ಅಂತು, ಸುಟ್ಟ ವಾಸನೆ ಬಂತು, ನಿಂತೇ ಹೋಯ್ತು." ಕಿಟಕಿಯ ಪಕ್ಕ ಪೇಪರು ಹಿಡಿದಿದ್ದ ಭಾವ, ಯಾರೂ ಅವರನ್ನು ಏನೂ ಅಂದಿಲ್ಲ, ವಯಸ್ಸಾದವರು, ಆಗುತ್ತದೆ, ಬಿಡಿ ಎಂದ. ಕ್ಷಮಿಸಿದ ಹಾಗೂ ಇತ್ತು, ಅಪರಾಧಿ ಯಾರೆಂದು ತೀರ್ಪು ಕೊಟ್ಟ ಹಾಗೂ ಇತ್ತು. ಆಮೇಲೆ, ಅದೂ ಅಲ್ಲದೆ ಇದರ ಡಿಸೈನಿನಲ್ಲೇ ದೋಷವಿದೆ ಎಂದು ಸೇರಿಸಿದ. ಪೇಪರಿನ ಮೇಲಿನಿಂದ ಒಂದು ಸಲ ಇವನ ಸಾಮಾನಿನ ಪೆಟ್ಟಿಗೆಯನ್ನು ನೋಡಿದ, ಮತ್ತೆ ಪೇಪರಿಗೆ ಇಳಿದ.

ಯಂತ್ರವಿದ್ದದ್ದು ಫ್ರಿಜ್ಜಿನ ಪಕ್ಕದ ಎತ್ತರದ ಕಟ್ಟೆಯ ಮೇಲೆ. ಮೇಲ್ಗಡೆ ಎರಡು ಮುಚ್ಚಳ, ಅಕ್ಕಪಕ್ಕ, ಒಂದು ನೀರಿಗೆ, ಇನ್ನೊಂದು ಬೀಜಕ್ಕೆ. ಪ್ಲಗ್ಗು ಕಿತ್ತು ಬೀಜದ ಮುಚ್ಚಳ ತೆಗೆದ. ಮೇಲೆ ಒಣಗಿದ, ಹೊಳೆಯುವ, ಹೊಸ ಬೀಜ. ಆದರೆ ವಾಸನೆ ಒದ್ದೆ ಗೋಣಿಚೀಲದ್ದು. ಬೆರಳು ಚುಚ್ಚಿದ. ಒಂದು ಅಂಗುಲದ ಕೆಳಗೆ ಬೀಜಗಳು ಉಬ್ಬಿ ಮೆತ್ತಗಾಗಿದ್ದವು, ಅದರ ಕೆಳಗೆ ಅರೆಯುವ ಚಕ್ರದ ಸುತ್ತ ಸಿಮೆಂಟಿನಂತೆ ಕಟ್ಟಿಕೊಂಡ ಕಂದು ಹಿಟ್ಟು. ಯಾರೋ ಬೀಜದ ಬಟ್ಟಲಿಗೆ ನೀರು ಸುರಿದಿದ್ದಾರೆ. ಇಪ್ಪತ್ತು ವರ್ಷದಲ್ಲಿ ಇದನ್ನು ನಾಲ್ಕು ಸಲ ಕಂಡಿದ್ದ. ಬೆಳಗಿನ ಜಾವ, ಕಣ್ಣಿಗೆ ಕನ್ನಡಕವಿಲ್ಲ, ಎರಡು ಮುಚ್ಚಳ ಅಕ್ಕಪಕ್ಕ, ಅಷ್ಟೇ ಸಾಕು. ಆದರೆ ಸುರಿದವರು ಮೇಲೆ ಹೊಸ ಬೀಜ ಹರಡಿ ಮುಚ್ಚಿಟ್ಟದ್ದನ್ನು ಇದೇ ಮೊದಲ ಸಲ ನೋಡುತ್ತಿದ್ದ. ಅತ್ತೆಗೆ ಆ ಎತ್ತರದ ಮುಚ್ಚಳ ಸ್ಟೂಲಿಲ್ಲದೆ ಎಟುಕುವುದೂ ಇಲ್ಲ. ಹಾಗಾದರೆ ಯಾರು ಎಂದು ಯೋಚಿಸುತ್ತ ಚಮಚೆಯಲ್ಲಿ ಬೀಜ ತೋಡುತ್ತಿದ್ದಾಗ ಬೆರಳ ತುದಿಗೆ ಏನೋ ಅಂಟಿತು. ಬೀಜವಲ್ಲ. ಉದ್ದ, ಸಣ್ಣದು, ಕಾಫಿಯ ಬಣ್ಣ ಹೀರಿದ್ದರೂ ಒಳಗಿನ ಬಿಳುಪು ಅಡಗಿರಲಿಲ್ಲ. ಅಕ್ಕಿಕಾಳು.

ಕೈ ಒಂದು ಗಳಿಗೆ ನಿಂತಿತು. ಹೋದ ತಿಂಗಳು ಎಲ್ಲರೂ ಇದೇ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಭಾವನ ಮೊಬೈಲು ಕೈ ತೊಳೆಯುವ ಬೇಸಿನ್ನಿಗೆ ಬಿದ್ದಿತ್ತು. ಭಾವ ಒಂದಿಷ್ಟೂ ಗಾಬರಿಯಾಗದೆ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತು, ತೇವ, ಅಕ್ಕಿ, ಹೀರುವ ಗುಣ ಎಂದು ಇಪ್ಪತ್ತು ನಿಮಿಷ ಪಾಠ ಮಾಡಿದ್ದ. ಮೊಬೈಲು ಬದುಕಿತು. ಭಾವ ಆ ಇಡೀ ವಾರ ಸಿಕ್ಕಸಿಕ್ಕವರಿಗೆ ಅಕ್ಕಿಯ ಮಹಿಮೆ ಹೇಳಿದ. ನಿನ್ನೆ, ಶನಿವಾರ ಬೆಳಿಗ್ಗೆ ನಡೆದದ್ದು ಈಗ ಕಣ್ಣಿಗೆ ಕಟ್ಟಿದ ಹಾಗೆ ಕಾಣತೊಡಗಿತು. ಕನ್ನಡಕವಿಲ್ಲದ ಎಂಜಿನಿಯರು, ತಪ್ಪಾದ ಮುಚ್ಚಳ, ಅಯ್ಯೋ, ಅಕ್ಕಿ ಡಬ್ಬಿ, ಒಂದು ಹಿಡಿ, ಕಾಯುವುದು, ಬೆರಳಲ್ಲಿ ಅಕ್ಕಿ ಆರಿಸುವುದು, ಒಳಗೆ ಯಾರೋ ಎದ್ದ ಸದ್ದು, ಉಳಿದದ್ದರ ಮೇಲೆ ಹೊಸ ಬೀಜದ ಲೇಪ. ಸೇತುವೆಗೆ ಯಾರಾದರೂ ಹೀಗೆ ಲೇಪ ಬಳಿದಿದ್ದರೆ ಭಾವ ಅವರ ಚರ್ಮ ಸುಲಿಯುತ್ತಿದ್ದ. ಏಳು ಗಂಟೆಗೆ ಅತ್ತೆ ಬಂದು ಬಟನ್ನು ಒತ್ತಿದರು, ಚಕ್ರದ ಹಲ್ಲಿಗೆ ಅಕ್ಕಿ ಸಿಕ್ಕಿಕೊಂಡಿತು, ಭಾವ ಸುಮ್ಮನಾದ. ಇವನಿಗೆ ಕುಣಿಯಬೇಕೆನಿಸಿತು. ಇನ್ನೆರಡು ಕಾಳು ಸಿಕ್ಕವು. ಮೂರನ್ನೂ ಹಾಸಿದ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಮೇಲೊಂದು ಕಪ್ಪನ್ನು ಬೋರಲು ಹಾಕಿದ.

ಕೆಲಸವನ್ನು ಬೇಕೆಂದೇ ನಿಧಾನಕ್ಕೆ ಮಾಡಿದ. ಚಕ್ರದ ಮೇಲ್ಭಾಗವನ್ನು ತಿರುಗಿಸಿ ಎತ್ತಿ, ಹಲ್ಲುಹಲ್ಲಿನ ನಡುವೆ ಮರದ ಕಡ್ಡಿ ಹಾಕಿ ಕೆರೆದು, ಬ್ರಷ್ಷಿನಿಂದ ಉಜ್ಜಿದ. ಅತ್ತಿಗೆಯ ಹತ್ತಿರ ಕೂದಲು ಒಣಗಿಸುವ ಯಂತ್ರ ಕೇಳಿದ. ಅವಳು ಕಣ್ಣರಳಿಸಿ ತಂದುಕೊಟ್ಟಳು. ತಣ್ಣನೆಯ ಗಾಳಿ ಬಿಡುತ್ತ ಮಾತು ಜೋಡಿಸಿದ. ಮೊದಲು ಎಲ್ಲರನ್ನೂ ಕರೆಯಬೇಕು. ಆಮೇಲೆ ಮುಗ್ಧನಂತೆ, ಅತ್ತಿಗೆ, ನಿಮ್ಮಲ್ಲಿ ಕಾಫಿಗೆ ಅಕ್ಕಿ ಹಾಕುವ ಪದ್ಧತಿ ಉಂಟೇ ಎಂದು ಕೇಳಬೇಕು. ಬೇಡ, ಅದು ತೀರ ನಾಟಕವಾಯಿತು. ಭಾವ, ತೇವ ಹೀರುವುದಕ್ಕೆ ಅಕ್ಕಿ ಒಳ್ಳೆಯದು ಅಂತ ನೀವೇ ಹೇಳಿದ್ದಿರಲ್ಲ ಎಂದರೆ? ಅದು ಚೆನ್ನಾಗಿದೆ. ಅಲ್ಲಿಗೆ ಸುಮ್ಮನಾಗಬೇಕು, ಅತ್ತಿಗೆ ಅದರ ಅರ್ಥ ಬಿಡಿಸಿಕೊಳ್ಳುವವರೆಗೆ ಕಾಯಬೇಕು. ಕಾಯುವುದನ್ನು ಭಾವನಿಂದಲೇ ಕಲಿತಿದ್ದ, ಆ ಊಟದ ಕೂಟದಲ್ಲಿ. ಇದರಲ್ಲಿ ನ್ಯಾಯವೂ ಇತ್ತು; ಅತ್ತೆಯ ತಲೆಯ ಮೇಲಿನ ಹೊರೆ ಇಳಿಯುತ್ತದೆ. ಅಷ್ಟೊಂದು ಖುಷಿಗೆ ಇಷ್ಟೊಂದು ನ್ಯಾಯವೂ ಜೊತೆಗೆ ಸಿಗುವುದೆಂದರೆ ಅದೃಷ್ಟವೇ ಸರಿ.

ಗಾಳಿಯ ಸದ್ದು ನಿಂತಾಗ ಭಾವ ಬಾಗಿಲಲ್ಲಿದ್ದ. ಎಷ್ಟು ಹೊತ್ತಿನಿಂದಲೋ. "ಏನು ಡಾಕ್ಟ್ರೇ, ಪೇಷೆಂಟು ಉಳೀತಾನಾ?" ಎಂದ. ಮಾತು ಹಳೆಯದೇ, ಸ್ವರ ಮಾತ್ರ ಒಣಗಿತ್ತು.

"ಒಳಗೆ ನೀರು ಹೋಗಿದೆ ಭಾವ."

"ಹವೆ. ಈ ಸಲ ಗಾಳೀಲಿ ತೇವ ಜಾಸ್ತಿ."

"ಹೌದು ಭಾವ. ಸುಮಾರು ಎರಡು ಲೋಟದಷ್ಟು ತೇವ."

ಭಾವ ಬೋರಲು ಕಪ್ಪನ್ನು ನೋಡಿದ. ಬೋರಲು ಕಪ್ಪಿನಲ್ಲಿ ನೋಡುವಂಥದ್ದೇನಿಲ್ಲ, ಆದರೂ ನೋಡಿದ. ಫ್ರಿಜ್ಜಿನಿಂದ ನೀರು ತೆಗೆದು ಕುಡಿದು ಹೋದ. ಎಷ್ಟೋ ಬಿರುಕುಗಳ ಮುಂದೆ ನಿಂತವನು, ಈಗ ಸ್ವತಃ ಒಂದರೊಳಗೆ ಸಿಕ್ಕಿಕೊಂಡಿದ್ದಾನೆ ಎಂದು ಇವನು ಒಳಗೊಳಗೇ ನಕ್ಕ. ಭಾವನ ಬೆನ್ನು ಯಾವತ್ತೂ ಇಷ್ಟು ಗೂನಾಗಿ ಕಂಡಿರಲಿಲ್ಲ. ಅದನ್ನು ಕಂಡು ಆಗಬೇಕಾದಷ್ಟು ಸಂತೋಷವಾಗಲಿಲ್ಲ, ಅದಕ್ಕೆ ಇವನಿಗೆ ಸಿಟ್ಟು ಬಂತು.

ಎಲ್ಲ ಜೋಡಿಸಿ, ಹೊಸ ಬೀಜ ಹಾಕಿ, ಯಂತ್ರವನ್ನು ಒಮ್ಮೆ ಓಡಿಸಿ ನೋಡಿದ. ಅರೆಯುವ ಸದ್ದು ಕೇಳಿದ್ದೇ ಅತ್ತಿಗೆ ಬಂದಳು, ಅವಳ ಹಿಂದೆ ಭಾವ, ಕೊನೆಗೆ ಗೋಡೆ ಹಿಡಿದುಕೊಂಡು ಅತ್ತೆ, ಹೊಸ್ತಿಲ ಆಚೆಗೇ ನಿಂತರು. ಏನಾಗಿತ್ತು ಎಂದಳು ಅತ್ತಿಗೆ. ಇವನ ಬಲಗೈ ಆಗಲೇ ಕಪ್ಪು ಎತ್ತಿ ಮೂರು ಅಕ್ಕಿಕಾಳನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಇಪ್ಪತ್ತು ವರ್ಷ ಕಾದ ಗಳಿಗೆ ಇದೇ, ತೆರೆದರೆ ಮುಗಿಯಿತು. ಭಾವ ಇವನ ಮುಖ ನೋಡುತ್ತಿರಲಿಲ್ಲ, ಮುಷ್ಟಿಯನ್ನು ನೋಡುತ್ತಿದ್ದ. ಅತ್ತಿಗೆ ಇವನ ಬಾಯಿ ನೋಡುತ್ತಿದ್ದಳು. ಅತ್ತೆ ಯಾರನ್ನೂ ನೋಡದೆ ನೆಲ ನೋಡುತ್ತ ಏನೋ ಒಂದಕ್ಕೆ ಸಿದ್ಧವಾಗಿ ನಿಂತಿದ್ದರು. ಆ ನಿಲುವು ಇವನಿಗೆ ಗೊತ್ತು, ಇಷ್ಟೂ ಮನೆಗಳ ಅಡಿಗೆಮನೆಯಲ್ಲಿ ನೋಡಿದ್ದಾನೆ. ಭಾವ ಕೂಡ ಹಾಗೆಯೇ ನಿಂತಿದ್ದ. ಇವನು ಗಂಟಲು ಸರಿಮಾಡಿಕೊಂಡ. ಭಾವ, ತೇವ ಹೀರುವುದಕ್ಕೆ ಎಂಬಲ್ಲಿಂದ ಶುರುಮಾಡಬೇಕಿತ್ತು. ಅಷ್ಟರಲ್ಲಿ ಎಡಗೈ, ಯಾರನ್ನೂ ಕೇಳದ ಆ ಹಾಳು ಎಡಗೈ, ಜೇಬಿಗೆ ಇಳಿದು ಹೊರಗೆ ಬಂದು ಎಲ್ಲರ ಎದುರು ಅಂಗೈ ಬಿಚ್ಚಿತು.

"ವಾಷರ್ ಹೋಗಿದೆ" ಎಂಬ ತನ್ನ ಮಾತನ್ನು ಅವನೇ ಕೇಳಿದ.

"ಹಂಗಾದ್ರೆ ನಾನಲ್ವಾ?" ಎಂದರು ಅತ್ತೆ.

"ನೀವಲ್ಲ ಅತ್ತೆ. ಯಾರೂ ಅಲ್ಲ. ಹಳೇದಾಗಿತ್ತು, ಹೋಯ್ತು. ಬನ್ನಿ, ನೀವೇ ಬಟನ್ ಒತ್ತಿ."

ಅತ್ತೆ ಹೊಸ್ತಿಲು ದಾಟಿ ಬಂದು ಒತ್ತಿದರು. ಕಾಫಿ ಇಳಿಯಿತು. ಅವರು ಅದನ್ನು ನಿಂತಲ್ಲೇ ಕುಡಿದರು, ಇನ್ನೊಂದು ಒತ್ತಿದರು. ಇವನಿಗೆ ತನ್ನ ಮೇಲೆ ಎಷ್ಟು ಕೋಪ ಬಂದಿತ್ತೆಂದರೆ ಕೈಗೆ ಕೊಟ್ಟ ಕಾಫಿಯ ರುಚಿಯೇ ತಿಳಿಯಲಿಲ್ಲ. ಇಂಥ ಗಳಿಗೆ ಇನ್ನೊಮ್ಮೆ ಬರುತ್ತದೆಯೇ? ಆ ಸಂಕಟದಲ್ಲಿ ವಾಷರನ್ನು ಜೇಬಿಗೆ ಹಾಕಿಕೊಳ್ಳುವುದನ್ನೇ ಮರೆತಿದ್ದ. ಅತ್ತಿಗೆ, ಎಷ್ಟು ಕೊಳಕಾಗಿದೆ ನೋಡಿ, ಇದನ್ನು ಇನ್ನೂ ಹಿಡಿದುಕೊಂಡು ನಿಂತಿದ್ದೀರಲ್ಲ ಎಂದು ಅಂಗೈಯಿಂದ ಎತ್ತಿ ಸಿಂಕಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದಳು. ಅವನು ಬೇಡ ಎನ್ನುವ ಹಾಗಿರಲಿಲ್ಲ. ಹೋದ ವಾಷರು ಯಾರಿಗೆ ಬೇಕು? ಪೆಟ್ಟಿಗೆಯಲ್ಲಿ ಅಂಥವು ಇನ್ನೂರಿದ್ದವು, ಹೊಸವು, ಕಚ್ಚಿಲ್ಲದವು. ಆದರೂ ಮುಚ್ಚಳ ಬಿದ್ದ ಮೇಲೂ ಅವನು ಆ ಬುಟ್ಟಿಯನ್ನೇ ನೋಡಿದ. ಬಲಗೈ ಮುಷ್ಟಿ ಇನ್ನೂ ಬಿಗಿದೇ ಇತ್ತು. ಬಟ್ಟೆ ಮಡಚಿ, ಪೆಟ್ಟಿಗೆ ಎತ್ತಿಕೊಂಡು, ಊಟ ಮಾಡಿಕೊಂಡು ಹೋಗಿ ಎಂದದ್ದಕ್ಕೆ ಇನ್ನೊಂದು ಮನೆಗೆ ಹೋಗಬೇಕು ಎಂದು ಹೊರಟ.

ಲಿಫ್ಟು ಯಾವುದೋ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಮೆಟ್ಟಿಲು ಇಳಿದು ಒಂದು ತಿರುವು ದಾಟಿದ್ದ, ಮೇಲಿನಿಂದ ಚಪ್ಪಲಿಯ ಸದ್ದು ಬಂತು. ಭಾವ. ಕೈಯಲ್ಲಿ ಕಸದ ಚೀಲ. ಇಪ್ಪತ್ತು ವರ್ಷದಲ್ಲಿ ಭಾವ ಕಸ ಹಾಕಲು ಹೊರಟದ್ದನ್ನು ಇವನು ನೋಡಿರಲಿಲ್ಲ. ಭಾವ ಏದುಸಿರು ಬಿಡುತ್ತ ಹತ್ತಿರ ಬಂದು, ಚೀಲವನ್ನು ಸ್ವಲ್ಪ ಹಿಡಿದುಕೋ ಎಂದು ಇವನ ಕೈಗೆ ಕೊಟ್ಟು, ತನ್ನ ಇನ್ನೊಂದು ಕೈ ಬಿಚ್ಚಿದ. ತೊಳೆದ ವಾಷರ್, ಕಚ್ಚು ಮೇಲ್ಮುಖವಾಗಿ.

"ತಗೋ. ಮುಂದಿನ ಮನೇಲಿ ಬೇಕಾಗುತ್ತಲ್ಲ."

ಇವನಿಗೆ ಮುಖ ಬಿಸಿಯಾಯಿತು. ಏನೂ ತಿಳಿಯದವನ ಹಾಗೆ ನಗಲು ನೋಡಿದ, ನಗು ಕೂಡಲಿಲ್ಲ. ಯಾವಾಗಿಂದ ಗೊತ್ತು ಎಂದು ಕೇಳಿದ.

"ಮೂರು ವರ್ಷದಿಂದ. ಅವತ್ತು ಮೆಷಿನ್ ಒಳಗೆಲ್ಲ ನೀರು ಸುರೀತಿತ್ತು. ಇದೊಂದೇ ಒಣಗಿತ್ತು. ಮೇಲೆ ನಿನ್ನ ಜೇಬಿನ ನೂಲು ಬೇರೆ ಅಂಟ್ಕೊಂಡಿತ್ತು."

ಆಮೇಲೆ ಭಾವ ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ಉಳಿದದ್ದನ್ನೂ ಹೇಳಿದ. ಆ ದಿನ ಟ್ರೇ ಸರಿಯಾಗಿ ತಳ್ಳಲು ಬರುವುದಿಲ್ಲವೇ ಎಂದು ಬೆಳಗಿನಿಂದ ಹೆಂಡತಿಯ ಮೇಲೆ ಕೂಗಾಡಿದ್ದನಂತೆ. ಇವನು ವಾಷರ್ ತೋರಿಸಿ ಹೋದ ಮೇಲೆ ಅವಳು ಎದುರು ಬಂದು ನಿಂತಳಂತೆ, ಸಾರಿ ಕೇಳಲೇಬೇಕಾಯಿತಂತೆ. ಸಂಸಾರದಲ್ಲಿ ಆತ ಅವಳ ಹತ್ತಿರ ಸಾರಿ ಕೇಳಿದ್ದು ಅದೊಂದೇ ಸಲ. ಆಮೇಲೆ ಒಂದು ವಾರ ಮನೆ ಎಷ್ಟು ಚೆನ್ನಾಗಿತ್ತು ಅಂದರೆ, ಎಂದು ಶುರುಮಾಡಿದ ಭಾವ ಅಲ್ಲಿಗೇ ನಿಲ್ಲಿಸಿದ. ಇವನು ಆ ಅರ್ಧ ನಗುವನ್ನು ನೆನೆದ. ಅದಕ್ಕೆ ಉತ್ತರವಾಗಿ ಮೂರು ವರ್ಷ ಸ್ನಾನದ ಮನೆಯಲ್ಲಿ ಜೋಡಿಸಿದ್ದ ಮಾತುಗಳೆಲ್ಲ ದಂಡವಾದವು.

ಪೆಟ್ಟಿಗೆ ಕೆಳಗಿಟ್ಟು, ವಾಷರನ್ನು ಜೇಬಿಗೆ ಹಾಕಿಕೊಂಡು, ಬಲಗೈ ಮುಷ್ಟಿ ಬಿಚ್ಚಿ, ಮೂರು ಅಕ್ಕಿಕಾಳನ್ನು ಭಾವನ ಅಂಗೈಗೆ ಹಾಕಿದ. ಭಾವ ಅವನ್ನು ಕಣ್ಣಿನ ಹತ್ತಿರ ತರಲಿಲ್ಲ. ಕಿವಿ ಎರಡೂ ಕೆಂಪಾದವು. ಅತ್ತೆಗೆ ನಾನೇ ಹೇಳುತ್ತೇನೆ ಎಂದ, ನೆಲ ನೋಡುತ್ತ.

"ಏನಂತ ಹೇಳ್ತೀರಿ? ವಾಷರ್ ಹೋಗಿತ್ತು ಭಾವ" ಎಂದ ಇವನು.

ಭಾವ ತಲೆಯಾಡಿಸಿ, ಕಾಳುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲೆ ಹತ್ತಿದ. ತಿರುವಿನಲ್ಲಿ ಮತ್ತೆ ತಲೆ ಕಾಣಿಸಿತು. "ತೋರ್ಸೋ ಮುಂಚೆ ನೀರಲ್ಲಿ ಅದ್ದೋ ಮಾರಾಯ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದಿದ್ದೇ ಹೆಚ್ಚು" ಎಂದ. ಕೊನೆಗೂ ಪಾಠ ಹೇಳಿಯೇ ಹೋದ. ಚಪ್ಪಲಿಯ ಸದ್ದು ಅಡಗಿ ಬಾಗಿಲು ಹಾಕಿಕೊಂಡ ಮೇಲಷ್ಟೇ ಕಸದ ಚೀಲ ತನ್ನ ಕೈಯಲ್ಲೇ ಉಳಿದ ಸಂಗತಿ ಇವನಿಗೆ ಹೊಳೆಯಿತು. ಇದು ಮರೆವೋ ಬುದ್ಧಿವಂತಿಕೆಯೋ ಎಂದು ಲೆಕ್ಕ ಹಾಕುತ್ತ, ಒಂದು ಕೈಯಲ್ಲಿ ಪೆಟ್ಟಿಗೆ, ಒಂದು ಕೈಯಲ್ಲಿ ಭಾವನ ಮನೆಯ ಕಸ ಹಿಡಿದು ನಾಲ್ಕು ಮಹಡಿ ಇಳಿದ. ಚೀಲವನ್ನು ಕೆಳಗಿನ ತೊಟ್ಟಿಗೆ ಎಸೆಯುವಾಗ ನಗು ತಡೆಯಲಾಗಲಿಲ್ಲ, ಕಾವಲುಗಾರ ತಿರುಗಿ ನೋಡಿದ.

ಮುಂದಿನ ಮನೆ ಎರಡು ಬೀದಿ ಆಚೆ, ನೆಲಮಹಡಿ. ಬಾಗಿಲ ಮುಂದೆ ನಿಂತು ಗಂಟೆಗೆ ಬೆರಳು ಚಾಚಿದವನು ಹಿಂದೆಗೆದ. ಹಾಗೆ ಮಾಡಬಾರದು, ಭಾವ ಹೇಳಿದ ಅಂತ ಮಾಡುವುದಂತೂ ಸಲ್ಲದು ಎಂದುಕೊಳ್ಳುತ್ತಲೇ ಪೆಟ್ಟಿಗೆಯ ಪಕ್ಕದಿಂದ ನೀರಿನ ಬಾಟಲಿ ಎಳೆದು, ಮುಚ್ಚಳಕ್ಕೆ ನೀರು ಬಗ್ಗಿಸಿ, ವಾಷರನ್ನು ಅದರಲ್ಲಿ ಎರಡು ಸಲ ಅದ್ದಿ ಜೇಬಿಗೆ ಹಾಕಿಕೊಂಡ. ತೊಡೆಗೆ ತಣ್ಣಗೆ ತಾಗಿತು. ಗಂಟೆ ಒತ್ತಿದ. ಬಾಗಿಲು ತೆರೆದ ಹೆಂಗಸು ಒಳಗಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿ, ನಮಸ್ಕಾರಕ್ಕೂ ಮೊದಲು, "ನಾನೇನೂ ಮಾಡಿಲ್ಲ ಅದಕ್ಕೆ" ಎಂದಳು.

"ಗೊತ್ತಮ್ಮ" ಎಂದು ಅವನು ಚಪ್ಪಲಿ ಬಿಟ್ಟ.